ಕೆರೆಯ ನೀರಿಗೂ ಕಾಲಗುಣವುಂಟು

ಬೇಶ ತಿಂಗಳ ಒಂದು ಬೆಳಿಗ್ಗೆ ಎಂದು ತಿಳಿಯಿರಿ. ರಾತ್ರಿ ಗುಡುಗು ಸಹಿತ ಒಂದು ಮಳೆ ಹೊಡೆದಿದೆ. ಎದ್ದು ನೋಡಿದರೆ ಕೆರೆಯ ಮೀನುಗಳು ಹೊಟ್ಟೆ ಮೇಲಾಗಿ ತೇಲುತ್ತಿವೆ. “ಯಾರೋ ವಿಷ ಹಾಕಿದರು” ಎಂಬ ಮಾತೇ ಮೊದಲು ಹುಟ್ಟುವುದು. ತೋಡಿನ ನೀರಿನ ಸರದಿಯಲ್ಲಿ ಹಳೆಯ ಮನಸ್ತಾಪ ಇದ್ದರಂತೂ, ಬೆರಳು ನೇರ ಬೇಲಿಯಾಚೆಯ ಮನೆಯತ್ತ ಹೋಗುತ್ತದೆ. ಹಾಗೆ ಬೆರಳು ತೋರಿಸುವ ಮೊದಲು ಕೆರೆಯ ನೀರಿನ ಸ್ವಭಾವವನ್ನು ಸ್ವಲ್ಪ ತಿಳಿದುಕೊಳ್ಳೋಣ.

ಪುತ್ತೂರು, ಸುಳ್ಯ, ಕಡಬದ ಕಡೆ ಗುಡ್ಡೆಯ ಬುಡದಲ್ಲೊಂದು ಕೆರೆ ಇಲ್ಲವೆ ಮದಕ, ಅದರ ಕೆಳಗೆ ಕಂಗಿನ ತೋಟ. ನಮ್ಮ ಜಿಲ್ಲೆಯಲ್ಲಿ ವರ್ಷಕ್ಕೆ 3500 ಮಿಲಿಮೀಟರಿಗೂ ಮಿಕ್ಕಿ ಮಳೆ ಬೀಳುತ್ತದೆ. ಅದರ ಬಹುಪಾಲು ಜೂನ್‌ನಿಂದ ಸೆಪ್ಟೆಂಬರ್ ಒಳಗೇ ಸುರಿದುಹೋಗುತ್ತದೆ. ಆದ್ದರಿಂದ ಒಂದೇ ಕೆರೆಯಲ್ಲಿ ವರ್ಷಕ್ಕೆ ಮೂರು ಬಗೆಯ ನೀರು.

ಮೊದಲನೆಯದು ಕಾರ್ತೆಲ್, ಆಟಿಯ ಕೆಂಪು ನೀರು. ಗುಡ್ಡೆಯ ಮಣ್ಣು, ಹಟ್ಟಿಯ ಗಂಜಲ, ತರಗೆಲೆ, ತೋಟದ ಗೊಬ್ಬರ ಎಲ್ಲವೂ ಕೊಚ್ಚಿಕೊಂಡು ಬರುತ್ತವೆ. ಇದನ್ನು ಕುಡಿಯಲು ಬಳಸಬೇಡಿ. ಕಾಲಲ್ಲಿ ಗಾಯವಿದ್ದವರು ಇಂಥ ನೀರಿಗೆ ಇಳಿಯಲೂ ಬಾರದು. ಇಲಿಜ್ವರ ಬರುವುದು ಹೀಗೆಯೇ.

ಎರಡನೆಯದು ಬೊಂತೆಲ್, ಜಾರ್ದೆಯ ತಿಳಿ ನೀರು. ಮಣ್ಣು ತಳ ಸೇರಿರುತ್ತದೆ, ಒರತೆ ಹರಿಯುತ್ತಿರುತ್ತದೆ. ವರ್ಷದಲ್ಲೇ ಒಳ್ಳೆಯ ನೀರು ಇದು. ತೋಡಿಗೆ ಕಟ್ಟ ಕಟ್ಟುವುದೂ ಈ ಸಮಯದಲ್ಲೇ ಅಲ್ಲವೆ?

ಮೂರನೆಯದು ಮಾಯಿ, ಸುಗ್ಗಿ, ಪಗ್ಗುವಿನ ಹಸುರು ನೀರು. ಕೆರೆ ಬತ್ತಿ ಎರಡಾಳುದ್ದ ಇದ್ದದ್ದು ಸೊಂಟದ ಮಟ್ಟಕ್ಕೆ ಇಳಿಯುತ್ತದೆ. ನೀರು ಕಡಿಮೆಯಾದರೂ ಅದರಲ್ಲಿ ಕರಗಿದ ಗೊಬ್ಬರದ ಅಂಶ ಕಡಿಮೆಯಾಗುವುದಿಲ್ಲ. ಬಿಸಿಲೂ ಸೇರಿ ಪಾಚಿ ಬೆಳೆಯುತ್ತದೆ. ಈ ಪಾಚಿ ಹಗಲಲ್ಲಿ ನೀರಿಗೆ ಪ್ರಾಣವಾಯುವನ್ನು ಕೊಡುತ್ತದೆ. ರಾತ್ರಿ ಅದೇ ಪಾಚಿ ಪ್ರಾಣವಾಯುವನ್ನು ಹೀರುತ್ತದೆ. ಎರಡು ದಿನ ಮೋಡ ಕವಿದರೆ ಜಮೆ ಕಡಿಮೆ, ಖರ್ಚು ಹಾಗೆಯೇ. ಅದರ ಮೇಲೆ ತಣ್ಣನೆ ಮಳೆ ಬಿದ್ದರೆ ಮೇಲಿನ ನೀರು ಕೆಳಗಿಳಿದು, ತಳದ ಕೊಳೆತ ನೀರು ಮೇಲೇಳುತ್ತದೆ. ಬೆಳಗಿನ ಜಾವಕ್ಕೆ ಮೀನಿಗೆ ಉಸಿರಿಲ್ಲ.

ಇದನ್ನು ಗುರುತಿಸುವುದು ಹೇಗೆ? ಉಸಿರು ಕಟ್ಟಿದ ಮೀನುಗಳು ಮುಂಜಾನೆ ಮೇಲೆ ಬಂದು ಬಾಯಿ ತೆರೆಯುತ್ತವೆ. ಸಾಮಾನ್ಯವಾಗಿ ದೊಡ್ಡವು ಮೊದಲು ಸಾಯುತ್ತವೆ, ಮರಿಗಳು ಉಳಿಯುವುದುಂಟು. ವಿಷವಾದರೆ ಮರಿಗಳೂ ಬಿಡವು, ಹೊತ್ತುಗೊತ್ತೂ ಇಲ್ಲ. ಮೀನು ಬಾಯಿ ತೆರೆಯುತ್ತಿರುವಾಗಲೇ ಕಂಡಿರೋ, ಪಂಪು ಹಾಕಿ ಕೆರೆಯ ನೀರನ್ನೇ ಎತ್ತರದಿಂದ ಕೆರೆಗೆ ಬೀಳಿಸಿ. ಗಾಳಿ ಬೆರೆತು ಮೀನು ಬದುಕೀತು. ಆ ದಿನ ಸೆಗಣಿ, ಹಿಂಡಿ ಏನೂ ಹಾಕಬೇಡಿ.

ಮುಂಚಿತವಾಗಿ ತಿಳಿಯಲು ಒಂದು ಸುಲಭ ಉಪಾಯ. ಬಿಸಿಲಿರುವಾಗ ಮೊಣಕೈವರೆಗೆ ಕೈಯನ್ನು ನೀರಿಗಿಳಿಸಿ ಅಂಗೈ ನೋಡಿ. ಹಸುರಿನಿಂದಾಗಿ ಅಂಗೈ ಕಾಣದಿದ್ದರೆ ಪಾಚಿ ಮಿತಿಮೀರಿದೆ ಎಂದರ್ಥ. ಬಣ್ಣ ಕದಡಿದಂತೆ ದಪ್ಪ ಕೆನೆ ಕಟ್ಟಿದ್ದರೆ ದನಕರುಗಳಿಗೆ ಆ ನೀರು ಕುಡಿಸಬೇಡಿ. ಅಂಥ ಪಾಚಿಯಲ್ಲಿ ಕೆಲವು ವಿಷಕಾರಿ.

ಇನ್ನೊಂದು ಸಂಶಯ, ನೀರ ಮೇಲೆ ಎಣ್ಣೆಯಂತೆ ಮಿನುಗುವ ಪದರ. ಕೋಲಿನಿಂದ ಮುಟ್ಟಿ ನೋಡಿ. ಹಂಚಿನಂತೆ ಒಡೆದು ಚೂರಾದರೆ ಅದು ಮುರಕಲ್ಲಿನ ಕಬ್ಬಿಣದ ಅಂಶ. ಮತ್ತೆ ಕೂಡಿಕೊಂಡರೆ ನಿಜವಾದ ಎಣ್ಣೆ, ಪಂಪಿನಿಂದ ಸೋರಿದ್ದೋ ನೋಡಿ. ಕಬ್ಬಿಣದ ನೀರು ಕಂಗಿಗೆ ಕೇಡಲ್ಲವಾದರೂ ಹನಿ ನೀರಾವರಿಯ ರಂಧ್ರಗಳನ್ನು ಮುಚ್ಚಿಬಿಡುತ್ತದೆ. ಒಂದು ಕಂಗಿಗೆ ಬೇಸಗೆಯಲ್ಲಿ ದಿನಕ್ಕೆ 16ರಿಂದ 20 ಲೀಟರ್ ಹನಿ ನೀರು ಬೇಕು. ರಂಧ್ರ ಮುಚ್ಚಿದ್ದು ತಿಳಿಯುವಾಗ ಸೋಗೆ ಬಾಡಿರುತ್ತದೆ. ಆದ್ದರಿಂದ ನೀರನ್ನು ಮೇಲಿನಿಂದ ತೊಟ್ಟಿಗೆ ಬೀಳಿಸಿ, ತಂಗಲು ಬಿಟ್ಟು, ಸೋಸಿ ಬಿಡಿ. ಪಂಪಿನ ಬಾಯಿ ಕೆಸರಿಗೆ ತಾಗದಿರಲಿ.

ಮಾಡಬೇಕಾದ ಕೆಲಸ ಹೆಚ್ಚಿಲ್ಲ. ಪತ್ತನಾಜೆಯೊಳಗೆ ಕೆರೆಯ ಹೂಳೆತ್ತಿ, ಅದನ್ನು ತೋಟಕ್ಕೆ ಹಾಕಿ. ಹಟ್ಟಿಯ ನೀರು ಕೆರೆಗಿಳಿಯದಂತೆ ಕಣಿ ತೋಡಿ. ಜಡಿಮಳೆಗೆ ಮುಂಚೆ ಗೊಬ್ಬರ ಚೆಲ್ಲಬೇಡಿ. ಬೋರ್ಡೋ ದ್ರಾವಣದ ಪಾತ್ರೆಗಳನ್ನು ಕೆರೆಯಲ್ಲಿ ತೊಳೆಯಲೇಬೇಡಿ. ಮೈಲುತುತ್ತು ಮೀನಿಗೆ ವಿಷ.

ಬಂಧುಗಳೆ, ಕೆರೆಯನ್ನು ದಿನಾ ನೋಡುವ ಮನೆಯವರಿಗೆ ಕೆರೆಯೇ ಮುನ್ಸೂಚನೆ ಕೊಡುತ್ತದೆ. ನೋಡದವರು ನೆರೆಮನೆಯನ್ನು ದೂರುತ್ತಾರೆ. ಹೋದ ಮೀನನ್ನು ಮುಂದಿನ ಮಳೆಗಾಲದಲ್ಲಿ ಮತ್ತೆ ಬಿಡಬಹುದು. ನೆರೆಯವರೊಡನೆ ಕೆಟ್ಟ ಸಂಬಂಧ ಅಷ್ಟು ಬೇಗ ಸರಿಹೋಗದು.