ಟೆಂಡರ್ ಷರತ್ತು ಬರೆಯೋ ಕೈ ಯಾರದ್ದು?

ಬಿ.ಕಾಂ. ಮುಗಿಸಿದ ಕೇಳುಗರು ಕಳಿಸೋ ಮೆಸೇಜ್‌ಗಳಲ್ಲಿ ಒಂದೇ ಪ್ರಶ್ನೆ: "ಸಿಎ ಆಗಲಿಲ್ಲ, ಬ್ಯಾಂಕ್ ಪರೀಕ್ಷೆಯೂ ಕೈಹಿಡಿಯಲಿಲ್ಲ, ಮುಂದೇನು?" ಇವತ್ತು ಯಾರೂ ಅಷ್ಟಾಗಿ ಮಾತಾಡದ ಒಂದು ಕೆಲಸದ ಬಗ್ಗೆ ಹೇಳ್ತೀನಿ. ಅದು ಸರ್ಕಾರಿ ಖರೀದಿ.

ಮೊದಲು ನಮ್ಮನೆ ಕಥೆ. ಅಪ್ಪನದು ಸಣ್ಣ ಮರಗೆಲಸದ ಶೆಡ್. ಒಮ್ಮೆ ಶಾಲೆಗಳಿಗೆ ಡೆಸ್ಕ್ ಬೇಕು ಅಂತ ಟೆಂಡರ್ ಬಂತು. ಅಪ್ಪ ಆಸೆಯಿಂದ ನನ್ನ ಹತ್ರ ಓದಿಸಿದ್ರು. ಕೆಲಸ ಕೆಲವೇ ಲಕ್ಷದ್ದು. ಆದರೆ ವಾರ್ಷಿಕ ವಹಿವಾಟು ಕೋಟಿಗಟ್ಟಲೆ ಇರಬೇಕು ಅಂತ ಷರತ್ತು. ಅಪ್ಪ ಕಾಗದ ಮಡಚಿಟ್ಟು, "ಇದು ನಮಗಲ್ಲ ಬಿಡಪ್ಪ" ಅಂದ್ರು.

ಅದು ಬೇಕಂತ ಹಾಕಿದ ಷರತ್ತೋ, ಹಳೇ ಟೆಂಡರ್‌ನಿಂದ ಹಾಗೇ ನಕಲು ಮಾಡಿದ್ದೋ ಗೊತ್ತಿಲ್ಲ. ಎರಡೂ ಆಗಬಹುದು. ಆದರೆ ಆ ಮೇಜಿನಲ್ಲಿ ಕೆಲಸ ಗೊತ್ತಿರೋ ಒಬ್ಬರು ಕೂತಿದ್ದರೆ ಆ ಸಾಲು ಅಲ್ಲೇ ಅಳಿಸಿಹೋಗ್ತಿತ್ತು.

ಕಾನೂನು ಇಲ್ಲ ಅಂತಲ್ಲ. ನಮ್ಮ ರಾಜ್ಯದಲ್ಲಿ 1999ರ ಕೆಟಿಪಿಪಿ ಕಾಯ್ದೆ ಇದೆ. ಅದರ 4(ಜಿ) ವಿನಾಯಿತಿ ಬಗ್ಗೆ ಸುದ್ದಿಯಲ್ಲಿ ಕೇಳೇ ಇರ್ತೀರಿ. ಕೇಂದ್ರಕ್ಕೆ 2017ರ ಸಾಮಾನ್ಯ ಹಣಕಾಸು ನಿಯಮಗಳಿವೆ, 2016ರಲ್ಲಿ ಶುರುವಾದ ಜೆಮ್ ಪೋರ್ಟಲ್ ಇದೆ. ದೊಡ್ಡ ಟೆಂಡರ್‌ಗಳಲ್ಲಿ ಸಾಮಾನ್ಯವಾಗಿ ತಾಂತ್ರಿಕ ಬಿಡ್ ಮೊದಲು ತೆಗೀತಾರೆ, ಅದರಲ್ಲಿ ಪಾಸಾದವರ ದರ ಮಾತ್ರ ಆಮೇಲೆ ನೋಡ್ತಾರೆ. ಕಡಿಮೆ ದರದವರು ಎಲ್-1. ಆದರೆ ಡೆಸ್ಕಿನ ಗುಣಮಟ್ಟವನ್ನೇ ಸರಿಯಾಗಿ ಬರೆಯದಿದ್ರೆ, ಎಲ್-1 ಡೆಸ್ಕು ಆರು ತಿಂಗಳಿಗೆ ಅಲ್ಲಾಡುತ್ತೆ. ಮಕ್ಕಳು ಮತ್ತೆ ನೆಲದ ಮೇಲೆ.

ಈ ಕೆಲಸಕ್ಕೆ ಬೇಕಾಗೋದು ಲೆಕ್ಕ, ಕರಾರು, ಮಾರುಕಟ್ಟೆ ದರದ ಅಂದಾಜು. ಕಾಮರ್ಸ್‌ನವರಿಗೆ ಇದು ಹೊಸದಲ್ಲ. ರಾಜ್ಯ ಲೆಕ್ಕಪತ್ರ ಇಲಾಖೆ, ನಿಗಮ-ಮಂಡಳಿಗಳು, ಸಾರ್ವಜನಿಕ ಉದ್ದಿಮೆಗಳ ಖರೀದಿ ವಿಭಾಗ... ದಾರಿಗಳಿವೆ. ಸುಲಭ ಅಂತ ಸುಳ್ಳು ಹೇಳಲ್ಲ. ಮೇಲಿಂದ ಒತ್ತಡ ಬರುತ್ತೆ, ಆಡಿಟ್ ಆಕ್ಷೇಪಣೆಗೆ ಉತ್ತರ ಕೊಡಬೇಕಾಗುತ್ತೆ, ಒಳ್ಳೇ ಕೆಲಸಕ್ಕೆ ಚಪ್ಪಾಳೆ ಸಿಗಲ್ಲ.

ಒಂದು ಹೋಂವರ್ಕ್ ಕೊಡ್ತೀನಿ. ರಾಜ್ಯದ ಇ-ಸಂಗ್ರಹಣೆ ಪೋರ್ಟಲ್‌ನಲ್ಲಿ ನಿಮ್ಮೂರಿನ ಒಂದು ಟೆಂಡರ್ ಹುಡುಕಿ, ಷರತ್ತುಗಳನ್ನ ಪೂರ್ತಿ ಓದಿ. "ಈ ಸಾಲು ಯಾಕೆ ಬೇಕು?" ಅನ್ನೋ ಪ್ರಶ್ನೆ ಹುಟ್ಟಿದ್ರೆ, ಈ ಕೆಲಸ ನಿಮಗೆ ಒಗ್ಗುತ್ತೆ ಅಂತ ನನ್ನ ನಂಬಿಕೆ. ದೇಶ ಕಟ್ಟೋದು ಅಂದ್ರೆ ಕೆಲವೊಮ್ಮೆ ಒಂದು ತಪ್ಪು ಸಾಲು ಅಳಿಸೋದೂ ಹೌದು.

ಮುಂದಿನ ವಾರ ಸಿಗೋಣ.