ಮೇಜಿನ ನಾಲ್ಕನೆಯ ಬದಿ



ಊಟಕ್ಕೆ ಮುನ್ನ, ಪ್ರಯಾಣಕ್ಕೆ ಮುನ್ನ ಕ್ರೈಸ್ತ ಬಂಧುಗಳು ಹಣೆ, ಎದೆ, ಎರಡೂ ಭುಜ ಮುಟ್ಟಿ ಶಿಲುಬೆಯ ಗುರುತು ಮಾಡಿಕೊಳ್ಳುವುದನ್ನು ನೀವು ನೋಡಿರುತ್ತೀರಿ. ಆಗ ಅವರು ನೆನೆಯುವುದು ಪಿತ, ಸುತ, ಪವಿತ್ರಾತ್ಮರನ್ನು. ದೇವರು ಒಬ್ಬನೇ, ಆದರೆ ಒಂಟಿಯಲ್ಲ. ತ್ರಿತ್ವದ ನಂಬಿಕೆಯ ತಿರುಳು ಇದು. 325ರ ನೈಸೀಯ ಸಭೆಯಲ್ಲಿ, ಆಮೇಲೆ 381ರ ಕಾನ್‌ಸ್ಟಾಂಟಿನೋಪಲ್ ಸಭೆಯಲ್ಲಿ ಧರ್ಮಾಧ್ಯಕ್ಷರು ಇದಕ್ಕೆ ಮಾತಿನ ರೂಪ ಕೊಟ್ಟರು.

ನನಗೆ ಆ ಸೂತ್ರಗಳಿಗಿಂತ ಹತ್ತಿರವಾದದ್ದು ಒಂದು ಚಿತ್ರ. ಹದಿನೈದನೆಯ ಶತಮಾನದ ಆದಿಯಲ್ಲಿ ರಷ್ಯಾದ ಸನ್ಯಾಸಿ ಆಂದ್ರೇ ರುಬ್ಲೆವ್ ಬರೆದದ್ದು. ಅದರ ಹಿಂದಿರುವುದು ಬೈಬಲ್ಲಿನ ಒಂದು ಕಥೆ. ಅಬ್ರಹಾಮ ಸುಡುಬಿಸಿಲಿನಲ್ಲಿ ಗುಡಾರದ ಬಾಗಿಲಲ್ಲಿ ಕೂತಿದ್ದಾಗ ಮೂವರು ಅಪರಿಚಿತರು ಕಾಣುತ್ತಾರೆ. ಮುದುಕ ಓಡಿಹೋಗಿ ಕರೆತರುತ್ತಾನೆ, ಕಾಲಿಗೆ ನೀರು ಕೊಡಿಸುತ್ತಾನೆ, ರೊಟ್ಟಿ, ಮೊಸರು, ಹಾಲು ಬಡಿಸಿ ಪಕ್ಕದಲ್ಲೇ ನಿಲ್ಲುತ್ತಾನೆ. ಆ ಮೂವರಲ್ಲಿ ರುಬ್ಲೆವ್ ತ್ರಿತ್ವವನ್ನು ಕಂಡ. ಚಿತ್ರದಲ್ಲಿ ಒಂದು ಮೇಜು, ನಡುವೆ ಒಂದೇ ಬಟ್ಟಲು, ಬಾಗಿದ ತಲೆಗಳು. ಯಾರು ಹೆಚ್ಚು, ಯಾರು ಕಡಿಮೆ ಎಂದು ಹೇಳಲಾಗದು. ನಮ್ಮ ಕಡೆಯ ಬದಿ ಮಾತ್ರ ಖಾಲಿ. ಬನ್ನಿ, ಕೂತುಕೊಳ್ಳಿ ಎನ್ನುವಂತೆ.

ಒಗ್ಗಟ್ಟೆಂದರೆ ಮನೆಯಲ್ಲಿ ಒಬ್ಬರ ಮಾತೇ ನಡೆಯುವುದು ಎಂದು ನಾವು ಎಷ್ಟೋ ಸಲ ತಿಳಿಯುತ್ತೇವೆ. ತ್ರಿತ್ವ ಹಾಗೆನ್ನುವುದಿಲ್ಲ. ತಂದೆ ತಂದೆಯಾಗಿಯೇ, ಮಗ ಮಗನಾಗಿಯೇ, ಆತ್ಮ ಆತ್ಮವಾಗಿಯೇ ಇದ್ದಾರೆ, ಆದರೂ ಒಡಕಿಲ್ಲ. ಒಬ್ಬರನ್ನು ಅಳಿಸಿ ಸಾಧಿಸುವ ಐಕ್ಯ ಐಕ್ಯವೇ ಅಲ್ಲ.

ಇವತ್ತು ರಾತ್ರಿ ನಿಮ್ಮ ಮನೆಯಲ್ಲಿ ಎಲ್ಲರಿಗೂ ಬಡಿಸಿ ಕಡೆಗೆ ಉಣ್ಣುವವರು ಯಾರೋ, ಅವರನ್ನು ಜೊತೆಯಲ್ಲೇ ಕೂರಿಸಿಕೊಂಡು ಊಟ ಮಾಡಿ.