ಯಾವುದಕ್ಕಾಗಿ ಏನನ್ನು ಬಿಟ್ಟೆವು



ನುಗ್ಗೇಹಳ್ಳಿಯ ಈ ದತ್ತಿ ಉಪನ್ಯಾಸಕ್ಕೆ ಬದುಕಿನಲ್ಲಿ ಮುಖ್ಯವಾದದ್ದು ಯಾವುದು ಎಂಬ ವಿಷಯ ಕೊಟ್ಟಿದ್ದೀರಿ. ಇಂಥದ್ದನ್ನು ಮಠದ ಸ್ವಾಮಿಗಳಿಗೆ ಬಿಟ್ಟುಕೊಡುವುದು ವಾಸಿ. ಆದರೆ ಇದೇ ಪ್ರಶ್ನೆಯನ್ನು ಹಿಡಿದುಕೊಂಡು ಮನೆಮನೆಗೆ ಹೋದವರೂ ಇದ್ದಾರೆ. ಅಮೆರಿಕದ ಸಮಾಜವಿಜ್ಞಾನಿ ರೊನಾಲ್ಡ್ ಇಂಗಲ್‌ಹಾರ್ಟ್ ಅವರ ಮುಂದಾಳುತನದಲ್ಲಿ ಬೆಳೆದ, 1981ರಿಂದ ನಡೆದು ಬಂದಿರುವ ವಿಶ್ವ ಮೌಲ್ಯ ಸಮೀಕ್ಷೆ ಎಂಬುದೊಂದಿದೆ. ಕುಟುಂಬ, ಸ್ನೇಹಿತರು, ಬಿಡುವು, ರಾಜಕೀಯ, ಕೆಲಸ, ಧರ್ಮ, ಈ ಆರರಲ್ಲಿ ಒಂದೊಂದೂ ನಿಮಗೆ ಎಷ್ಟು ಮುಖ್ಯ ಎಂದು ಅದರಲ್ಲಿ ಕೇಳುತ್ತಾರೆ. ಬಹಳ ಮುಖ್ಯ ಎನ್ನುವುದರಿಂದ ಮುಖ್ಯವೇ ಅಲ್ಲ ಎನ್ನುವ ತನಕ ನಾಲ್ಕು ಉತ್ತರಗಳು. ಹೆಚ್ಚುಕಡಿಮೆ ಎಲ್ಲ ದೇಶಗಳಲ್ಲೂ ಕುಟುಂಬಕ್ಕೇ ಮೊದಲ ಸ್ಥಾನ.

ನುಗ್ಗೇಹಳ್ಳಿಯ ಬಸ್ ನಿಲ್ದಾಣದಲ್ಲಿ ನಿಂತು ಕೇಳಿದರೂ ಇದೇ ಉತ್ತರ ಬರುತ್ತದೆ. ಭಾಗದ ವ್ಯಾಜ್ಯಕ್ಕೆ ಒಡಹುಟ್ಟಿದವರ ಮೇಲೆ ಕೇಸು ಹಾಕಿ ಚನ್ನರಾಯಪಟ್ಟಣದ ಕೋರ್ಟಿಗೆ ಅಲೆಯುತ್ತಿರುವವನೂ ಕುಟುಂಬ ಬಹಳ ಮುಖ್ಯ ಅಂತಲೇ ಬರೆಸುತ್ತಾನೆ. ಸುಳ್ಳು ಹೇಳಿದ ಎನ್ನಲಾರೆ. ರಾಜಕೀಯದ ಕಾಲಮ್ಮಿನಲ್ಲಿ ಮಾತ್ರ ನಮ್ಮ ಜಿಲ್ಲೆ ಜಗತ್ತನ್ನೇ ಹಿಂದೆ ಹಾಕಬಹುದು. ಹೊಳೆನರಸೀಪುರ ತಾಲ್ಲೂಕಿನ ಹರದನಹಳ್ಳಿಯಲ್ಲಿ ಹುಟ್ಟಿದವರು 1996ರಲ್ಲಿ ಪ್ರಧಾನಿಯಾದ ಜಿಲ್ಲೆಯಲ್ಲವೇ ಇದು!

ಬಾಯಿಮಾತಿನ ಉತ್ತರಕ್ಕೆ ಖರ್ಚಿಲ್ಲ. ಹಾಗಾಗಿ ನಾನು ಪ್ರಶ್ನೆಯನ್ನು ಕೊಂಚ ತಿರುಗಿಸಿಕೊಂಡು ಬಂದಿದ್ದೇನೆ: ಯಾವುದಕ್ಕಾಗಿ ಏನನ್ನು ಬಿಟ್ಟಿರಿ? ಹೀಗೆ ಕೇಳಿದಾಗ ಉತ್ತರ ಹೇಳುವುದು ನಮ್ಮ ತಾಲ್ಲೂಕಿನಲ್ಲಿ ಬಹಳ ಸಲೀಸು. ಏಕೆಂದರೆ ಇಲ್ಲಿನವರು ಅದನ್ನು ಕಲ್ಲಿನ ಮೇಲೆ ಬರೆಸಿಟ್ಟಿದ್ದಾರೆ.

ನಿಮ್ಮೂರಿನ ಲಕ್ಷ್ಮೀನರಸಿಂಹ ದೇವಸ್ಥಾನವನ್ನೇ ನೋಡಿ. 1246ರಲ್ಲಿ ಬೊಮ್ಮಣ್ಣ ದಂಡನಾಯಕ ಕಟ್ಟಿಸಿದ್ದು. ಅದಾದ ಮೂರೇ ವರ್ಷಕ್ಕೆ, 1249ರಲ್ಲಿ, ಸದಾಶಿವ ದೇವಸ್ಥಾನ. ಹರಿಗೊಂದು, ಹರನಿಗೊಂದು. ಆಗ ಆಳುತ್ತಿದ್ದ ದೊರೆ ವೀರ ಸೋಮೇಶ್ವರ ಹೆಚ್ಚಾಗಿ ಇದ್ದದ್ದು ದೂರದ ತಮಿಳು ಸೀಮೆಯ ಕಣ್ಣಾನೂರಿನಲ್ಲಿ. ದಂಡನಾಯಕ ಮಾತ್ರ ದೊರೆಯ ಹೆಸರು ಬರುವಂತೆ ಊರಿಗೆ ವಿಜಯ ಸೋಮನಾಥಪುರ ಎಂದು ಹೆಸರಿಟ್ಟು ಅಗ್ರಹಾರ ಮಾಡಿದ. ಜನ ಆ ಹೆಸರನ್ನು ಉಳಿಸಿಕೊಳ್ಳಲಿಲ್ಲ ಎನ್ನುವುದು ಬೇರೆ ಮಾತು.

ಲಕ್ಷ್ಮೀನರಸಿಂಹ ದೇವಸ್ಥಾನದ ದಕ್ಷಿಣದ ಗೋಡೆಯ ಹತ್ತಿರ ನಿಂತು ಬುಡದಿಂದ ಕಣ್ಣು ಹಾಯಿಸಿ. ಆನೆಗಳ ಸಾಲು, ಅದರ ಮೇಲೆ ಕುದುರೆ ಸವಾರರು, ಬಳ್ಳಿ, ಪುರಾಣದ ಕತೆ, ಮಕರ, ಹಂಸ. ಅದಕ್ಕೂ ಮೇಲೆ ಆಳೆತ್ತರಕ್ಕೆ ದೇವತೆಗಳು. ಒಂದೊಂದು ವಿಗ್ರಹದ ಕೊರಳಿಗೂ ಸೊಂಟಕ್ಕೂ ಕಲ್ಲಿನ ಒಡವೆ. ಬೆರಳು ಇಡಲು ಖಾಲಿ ಜಾಗವಿಲ್ಲ. ಈಗ ಪೀಠದ ಕೆಳಗೆ ಬಗ್ಗಿ ನೋಡಿ. ಕೆತ್ತಿದವನ ಹೆಸರು ಸಿಗುತ್ತದೆ. ದಕ್ಷಿಣದ ಕಡೆ ಹೆಚ್ಚಾಗಿ ಬೈಚೋಜ, ಉತ್ತರದ ಕಡೆ ಮಲ್ಲಿತಮ್ಮ. ನಂದಿಯ ಬೈಚೋಜನಂತೂ ಬರೀ ಹೆಸರಿಗೆ ತೃಪ್ತನಾಗದೆ ಬಿರುದುಗಳನ್ನೂ ಕೆತ್ತಿಕೊಂಡ. ಮಲ್ಲಿತಮ್ಮನ ಹೆಸರು ತರೀಕೆರೆ ಕಡೆಯ ಅಮೃತಾಪುರದಲ್ಲೂ ಇದೆ, ಕಾವೇರಿ ತೀರದ ಸೋಮನಾಥಪುರದಲ್ಲೂ ಇದೆ. ದೇವರ ಮನೆಯ ಗೋಡೆಯಲ್ಲಿ ಕಸುಬುದಾರನ ಹೆಸರಿಗೆ ಜಾಗ ಕೊಟ್ಟ ಕಾಲ ನಮ್ಮ ಚರಿತ್ರೆಯಲ್ಲಿ ಅಪರೂಪ. ದೊರೆಯ ಹೊಗಳಿಕೆಯ ಶಾಸನಕ್ಕಿಂತ ಈ ಸಣ್ಣ ಸಹಿಗಳು ನನಗೆ ದೊಡ್ಡವು. ಕೆಲಸ ಎನ್ನುವುದು ಮನುಷ್ಯನಿಗೆ ಎಷ್ಟು ಮುಖ್ಯ ಎಂಬ ಸಮೀಕ್ಷೆಗೆ ಇವರು ಉಳಿಯಿಂದಲೇ ಉತ್ತರ ಬರೆದಿದ್ದಾರೆ.

ಬೊಮ್ಮಣ್ಣ ಏನು ಬಿಟ್ಟ? ಕಂದಾಯ ಬಿಟ್ಟ. ಅಗ್ರಹಾರಕ್ಕೆ ಬಿಡುವುದೆಂದರೆ ಸರ್ಕಾರಕ್ಕೆ ಬರಬೇಕಾದ ಹುಟ್ಟುವಳಿಯನ್ನು ಮಹಾಜನರಿಗೆ ವಹಿಸಿಕೊಡುವುದು. ಉಳುವವನಿಗೆ ಇದರಿಂದ ಏನೂ ಹಗುರಾಗುವುದಿಲ್ಲ. ಕೊಡುತ್ತಿದ್ದದ್ದನ್ನೇ ಬೇರೆ ಮನೆಯ ಅಂಗಳಕ್ಕೆ ಹೊತ್ತು ಹಾಕಬೇಕು, ಅಷ್ಟೇ. ಪುಣ್ಯ ದಂಡನಾಯಕನದು, ಬೆವರು ಬೇರೆಯವರದು. ದೇವಸ್ಥಾನದ ಚೆಲುವಿಗೆ ಕೈಮುಗಿಯುವ ನಾನು ಈ ಲೆಕ್ಕವನ್ನು ಮರೆತು ಕೈಮುಗಿಯಲಾರೆ.

ಇದೇ ತಾಲ್ಲೂಕಿನ ಶ್ರವಣಬೆಳಗೊಳಕ್ಕೆ ಹೋದರೆ ಎಲ್ಲ ತಲೆಕೆಳಗು. ಇಲ್ಲಿ ಒಡವೆ ಹೊತ್ತ ಕಲ್ಲು, ಅಲ್ಲಿ ಬಟ್ಟೆಯನ್ನೂ ಬಿಟ್ಟ ಕಲ್ಲು. ಚಂದ್ರಗಿರಿಯ ಬಂಡೆಗಳ ಮೇಲೆ ಸುಮಾರು 1,400 ವರ್ಷಗಳ ಹಿಂದಿನಿಂದ ಬರೆಸಿರುವುದು ಇಂಥವರು ಊಟ ಬಿಟ್ಟು, ದೇಹ ಬಿಟ್ಟರು ಎಂಬ ಸುದ್ದಿ. ಗೆದ್ದ ಊರು, ಕಟ್ಟಿದ ಕೋಟೆ ಯಾವುದೂ ಅವುಗಳಲ್ಲಿಲ್ಲ. ವಿಷ್ಣುವರ್ಧನ 1117ರಲ್ಲಿ ಬೇಲೂರಿನಲ್ಲಿ ವಿಜಯನಾರಾಯಣನನ್ನು ಪ್ರತಿಷ್ಠೆ ಮಾಡಿಸಿದ. ಅವನ ಪಟ್ಟದ ರಾಣಿ ಶಾಂತಲೆ 1123ರ ಹೊತ್ತಿಗೆ ಬೆಳಗೊಳದಲ್ಲಿ ಸವತಿಗಂಧವಾರಣ ಬಸದಿ ಕಟ್ಟಿಸಿದಳು. 1131ರಲ್ಲಿ ಶಾಂತಲೆ ಶಿವಗಂಗೆಯಲ್ಲಿ ತೀರಿಕೊಂಡಾಗ ಅವಳ ತಾಯಿ ಮಾಚಿಕಬ್ಬೆ ಬೆಳಗೊಳಕ್ಕೆ ಬಂದು ಸಲ್ಲೇಖನ ಹಿಡಿದಳು. ಮಾಚಿಕಬ್ಬೆಯ ಗಂಡ ಶೈವ. ಗಂಡನಿಗೊಂದು ದೈವ, ಹೆಂಡತಿಗೊಂದು ದೈವ, ಅಳಿಯನಿಗೆ ಮತ್ತೊಂದು. ‘ನಮ್ಮ ಸಂಸ್ಕೃತಿ ಇಂಥದ್ದನ್ನು ಮುಖ್ಯವೆನ್ನುತ್ತದೆ’ ಎಂದು ಒಂದೇ ಉಸಿರಿನಲ್ಲಿ ಹೇಳಿಬಿಡುವ ಭಾಷಣಕಾರರು ಈ ಒಂದು ಮನೆಯನ್ನು ಎಲ್ಲಿ ಸೇರಿಸುತ್ತಾರೋ ತಿಳಿಯದು. ಧರ್ಮ, ಅರ್ಥ, ಕಾಮ, ಮೋಕ್ಷ ಎಂದು ಹಿರಿಯರು ನಾಲ್ಕು ಹೆಸರಿಸಿದ್ದು ಸುಮ್ಮನಲ್ಲ. ನಾಲ್ಕೂ ಒಂದೇ ಸೂರಿನಡಿ ಜಗಳಾಡುತ್ತವೆಂದು ಅವರಿಗೆ ಗೊತ್ತಿತ್ತು.

ಚಾವುಂಡರಾಯ ಗೊಮ್ಮಟನಿಗೆ ಮಾಡಿಸಿದ ಅಭಿಷೇಕದ ಹಾಲು ಪಾದಕ್ಕೆ ಇಳಿಯಲೇ ಇಲ್ಲವೆಂದೂ ಗುಳ್ಳೆಕಾಯಿಯಲ್ಲಿ ಮುದುಕಿಯೊಬ್ಬಳು ತಂದ ಹಾಲು ಇಳಿಯಿತೆಂದೂ ನೀವೆಲ್ಲ ಕೇಳಿದ್ದೀರಿ. ಕತೆ ನಿಜವೋ ಅಲ್ಲವೋ, ಗುಳ್ಳೆಕಾಯಜ್ಜಿಯ ವಿಗ್ರಹವನ್ನು ಗೊಮ್ಮಟನಿಗೆ ಎದುರಾಗಿ ನಿಲ್ಲಿಸಿರುವುದಂತೂ ನಿಜ. ಬಿಟ್ಟದ್ದು ಎಷ್ಟು ಎಂದು ಕೇಳುವಾಗ ಇಟ್ಟುಕೊಂಡದ್ದು ಎಷ್ಟು ಎಂದೂ ಕೇಳಬೇಕೆಂದು ಆ ಕತೆ ಕಟ್ಟಿದ ಜನಕ್ಕೆ ತಿಳಿದಿತ್ತು.

   

ಇಷ್ಟೂ ಕಲ್ಲಿನಲ್ಲಿ ಸಿಕ್ಕವರ ಮಾತಾಯಿತು. ಬರೆಸಲು ಕೈಯಲ್ಲಿ ಕಾಸಿಲ್ಲದವರಿಗೆ ಯಾವುದು ಮುಖ್ಯವಾಗಿತ್ತು? ಕೆರೆ ಏರಿಯ ಮೇಲೆ ಬಿದ್ದಿರುವ ವೀರಗಲ್ಲು ಒಂದಷ್ಟು ಹೇಳುತ್ತದೆ: ಕೆಳಗಿನ ಅಂಕಣದಲ್ಲಿ ದನಗಳಿಗಾಗಿ ಕಾದಾಟ, ನಡುವೆ ಅಪ್ಸರೆಯರು ಎತ್ತಿಕೊಂಡು ಹೋಗುವುದು, ಮೇಲೆ ಲಿಂಗದ ಮುಂದೆ ಕುಳಿತ ವೀರ. ಊರಿನ ದನ ಉಳಿಸಲು ಪ್ರಾಣ ಬಿಟ್ಟವನಿಗೆ ಊರು ಕೈಲಾಸ ಕೊಟ್ಟಿತು. ಅವನ ಹೆಂಡತಿ ಆಮೇಲೆ ಆ ದನಗಳಿಗೆ ಯಾವ ಬರಗಾಲದಲ್ಲಿ ಎಲ್ಲಿಂದ ಹುಲ್ಲು ತಂದಳು ಎನ್ನುವುದಕ್ಕೆ ಅಂಕಣವಿಲ್ಲ.

ಅದಕ್ಕೆ ಅಂಕಣ ಮಾಡಿಕೊಟ್ಟವರು ಇದೇ ತಾಲ್ಲೂಕಿನ ಸಂತೇಶಿವರದ ಎಸ್.ಎಲ್. ಭೈರಪ್ಪ. 1970ರ ‘ಗೃಹಭಂಗ’ದ ನಂಜಮ್ಮನನ್ನು ನೀವು ಓದಿ ಬಲ್ಲಿರಿ, ಕೆಲವರು ಮನೆಯಲ್ಲೇ ನೋಡಿ ಬಲ್ಲಿರಿ. ಶಾನುಭೋಗಿಕೆ ಗಂಡ ಚೆನ್ನಿಗರಾಯನದು, ಲೆಕ್ಕ ಬರೆಯುವ ಕೈ ಇವಳದು. ಮುತ್ತುಗದ ಎಲೆ ಹಚ್ಚಿ ಮಾರಿ ಮಕ್ಕಳ ಹೊಟ್ಟೆ ನೋಡುತ್ತಾಳೆ. ಪ್ಲೇಗು ಇಬ್ಬರು ಮಕ್ಕಳನ್ನು ಒಯ್ಯುತ್ತದೆ, ಕೊನೆಗೆ ಅವಳನ್ನೂ. ಅವಳು ಏನೇನು ಬಿಟ್ಟಳೆಂದು ಪಟ್ಟಿ ಮಾಡಹೊರಟರೆ ಕಿರ್ದಿ ಸಾಲದು. ಬಾಲ್ಯದಲ್ಲೇ ತಾಯಿ ಗೌರಮ್ಮನವರನ್ನು ಪ್ಲೇಗಿಗೆ ಕಳೆದುಕೊಂಡ ಲೇಖಕರು ಬರೆದ ಕಾದಂಬರಿ ಇದು. ಸತ್ಯ–ಸೌಂದರ್ಯಗಳ ತತ್ತ್ವವನ್ನು ಪ್ರೌಢಪ್ರಬಂಧದಲ್ಲಿ ಚರ್ಚಿಸಿದ ಅದೇ ಭೈರಪ್ಪನವರು ಮುಪ್ಪಿನಲ್ಲಿ ಸರ್ಕಾರವನ್ನು ಕೇಳಿಕೊಂಡದ್ದು ತಮ್ಮೂರಿನ ಕೆರೆಗೆ ನೀರು. 2025ರಲ್ಲಿ ಸಂತೇಶಿವರದ ಕೆರೆಗೆ ನೀರು ಬಂದದ್ದನ್ನು ಕಂಡರು. ಅದೇ ವರ್ಷ ಸೆಪ್ಟೆಂಬರ್ 24ರಂದು ತೀರಿಕೊಂಡರು.

ನಮ್ಮ ಕಾಲದ ಲೆಕ್ಕವನ್ನು ನೀವೇ ಹಾಕಿಕೊಳ್ಳಬಲ್ಲಿರಿ. ಅಟ್ಟದ ಕೊಬ್ಬರಿ ತಿಪಟೂರಿನ ಮಂಡಿಗೆ ಹೋಗಿ ಬಂದ ದುಡ್ಡು ಮಗಳ ಕಾಲೇಜಿಗೋ, ಮಗನ ಮದುವೆಯ ಛತ್ರಕ್ಕೋ, ಇನ್ನೊಂದು ಕೊಳವೆಬಾವಿಗೋ? ಮೂರನ್ನೂ ಮುಖ್ಯ ಎನ್ನುತ್ತೇವೆ. ದುಡ್ಡು ಒಂದಕ್ಕೇ ಸಾಲುವಂತಿದ್ದಾಗ ಯಾವುದನ್ನು ಕೈಬಿಟ್ಟೆವು ಎನ್ನುವುದರಲ್ಲಿ ನಮ್ಮ ಮೌಲ್ಯ ಇದೆ. ಕಾಲೇಜನ್ನು ಕೈಬಿಟ್ಟು ಛತ್ರ ಹಿಡಿದ ಮನೆಗಳೇ ನನ್ನ ಕಣ್ಣಿಗೆ ಹೆಚ್ಚು ಬಿದ್ದಿವೆ. ಅದು ಸರಿಯಲ್ಲ ಎಂದು ಈ ವೇದಿಕೆಯಿಂದಲೇ ಹೇಳುತ್ತೇನೆ.

ದತ್ತಿ ಇಟ್ಟವರಲ್ಲಿ ಒಂದು ಬಿನ್ನಹವಿದೆ. ಮುಂದಿನ ವರ್ಷ ಈ ಉಪನ್ಯಾಸಕ್ಕೆ ಹೊರಗಿನವರನ್ನು ಕರೆಯಬೇಡಿ. ಈ ಹೋಬಳಿಯ, ಎಂಬತ್ತು ದಾಟಿದ ನಾಲ್ವರು ಅಜ್ಜಿಯರನ್ನು ಕೂರಿಸಿ, ಶಾಲೆಯ ಮಕ್ಕಳ ಕೈಯಲ್ಲಿ ಕೇಳಿಸಿ: ಯಾವುದಕ್ಕಾಗಿ ಏನನ್ನು ಬಿಟ್ಟಿರಿ ಅಜ್ಜಿ? ಹೇಳಿದ್ದನ್ನು ಹೇಳಿದ ಹಾಗೆಯೇ ಬರೆದುಕೊಳ್ಳಲಿ, ತಿದ್ದುವುದು ಬೇಡ. ಅದನ್ನೇ ಕಿರುಹೊತ್ತಿಗೆಯಾಗಿ ಅಚ್ಚು ಹಾಕಿಸಿ, ರಕ್ಷಾಪುಟದ ಮೇಲೆ ಆ ನಾಲ್ವರ ಹೆಸರಿರಲಿ. ಭಾಷಣಕಾರರಿಗೆ ಕೊಡುವ ಗೌರವಧನವನ್ನು ಅವರಿಗೇ ಹಂಚಿ.